ಕ್ರೂಸ್ ಹಡಗಿನಲ್ಲಿ ವಾಂತಿ-ಭೇದಿ: ಸ್ಯಾನಿಟೈಸರ್ ಸಾಲದು ಅಂದರೆ ಮತ್ತೇನು ಮಾಡೋದು?

ಪಡುಕೆರೆ_ಹುಡುಗ
ತಮ್ಮ ಮಿಯಾಮಿಯಿಂದ ಹೊರಡುವ ಕ್ರೂಸ್ ಹಡಗಿಗೆ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರ್ತಾ ಇದ್ದಾನೆ. ವಾಂತಿ-ಭೇದಿ ತರುವ ನೊರೊವೈರಸ್ ಬಗ್ಗೆ ಗೊತ್ತಿರುವವರು ಹೇಳಿ. ಒಂದು, ಸ್ಯಾನಿಟೈಸರ್ ಯಾಕೆ ಸಾಲಲ್ಲ? ಎರಡು, ಕಾರಿಡಾರ್‌ನಲ್ಲಿ ಯಾರಾದರೂ ವಾಂತಿ ಮಾಡಿದರೆ ಕ್ರಮವಾಗಿ ಏನು ಮಾಡಬೇಕು, ಬ್ಲೀಚ್ ಎಷ್ಟು ಹಾಕಬೇಕು? ಮೂರು, ಅವನಿಗೇ ಹೊಟ್ಟೆ ಕೆಟ್ಟರೆ ಹೇಳಿಕೊಳ್ಳಬೇಕಾ, ಮಾತ್ರೆ ತಗೊಂಡು ಸುಮ್ಮನಿದ್ದರೆ ಆಗಲ್ವಾ?

ಬಿಳಿ_ಏಪ್ರನ್
ಮೊದಲನೆಯದಕ್ಕೆ: ಕೊರೊನಾ ವೈರಸ್‌ಗೆ ಹೊರಗಡೆ ಕೊಬ್ಬಿನ ಪೊರೆ ಇದೆ, ಆಲ್ಕೋಹಾಲ್ ಅದನ್ನು ಕರಗಿಸುತ್ತದೆ. ನೊರೊವೈರಸ್‌ಗೆ ಆ ಪೊರೆಯೇ ಇಲ್ಲ, ಬರೀ ಪ್ರೋಟೀನ್ ಚಿಪ್ಪು. ಹಾಗಾಗಿ ಜೆಲ್ ಹೆಚ್ಚೇನೂ ಮಾಡುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿದಾಗಲೂ ವೈರಸ್ ಸಾಯುವುದಿಲ್ಲ. ಚರ್ಮದಿಂದ ಬಿಟ್ಟುಕೊಂಡು ನೀರಿನ ಜೊತೆ ಹೋಗುತ್ತದೆ. ಅದಕ್ಕೇ ಉಜ್ಜುವುದೂ ತೊಳೆಯುವುದೂ ಎರಡೂ ಬೇಕು. ಉಗುರಿನ ಸಂದು, ಹೆಬ್ಬೆರಳ ಬುಡ, ಈ ಎರಡು ಜಾಗ ಎಲ್ಲರೂ ಬಿಡುತ್ತಾರೆ.

ರೋಗ ತಗಲಲು 20ಕ್ಕಿಂತ ಕಡಿಮೆ ಕಣ ಸಾಕು ಎಂಬ ಅಂದಾಜಿದೆ. ಒಳಹೋದ 12ರಿಂದ 48 ಗಂಟೆಯಲ್ಲಿ ಶುರು, 1ರಿಂದ 3 ದಿನ ಕಾಟ. ಗುಣವಾದ ಮೇಲೂ ಎರಡು ವಾರ ಅಥವಾ ಇನ್ನೂ ಹೆಚ್ಚು ದಿನ ಮಲದಲ್ಲಿ ವೈರಸ್ ಬರುತ್ತಿರುತ್ತದೆ. 'ಈಗ ಆರಾಮಿದ್ದೇನೆ' ಅನ್ನುವವನ ಕೈಯೂ ಅಷ್ಟೇ ಮುಖ್ಯ.

ಡೆಕ್_ಐದು
ಎರಡನೆಯದು. ವಾಂತಿ ಕಂಡ ತಕ್ಷಣ ಮಾಪ್ ತರಲು ಓಡಬೇಡಿ. ಮೊದಲು ಜಾಗ ಬಂದ್ ಮಾಡಿ, ಜನ ದಾಟದ ಹಾಗೆ ನೋಡಿಕೊಳ್ಳಿ. ಕಣಗಳು ಗಾಳಿಯಲ್ಲಿ ಹಾರಿ ದೂರ ಕೂರುತ್ತವೆ, ಕಣ್ಣಿಗೆ ಕಾಣುವ ಕಲೆಯಷ್ಟೇ ಜಾಗವಲ್ಲ. ಸುತ್ತ 25 ಅಡಿ ಅಂತ ಲೆಕ್ಕ ಇಟ್ಟುಕೊಳ್ಳಿ, ಕೈಹಿಡಿ, ಬಾಗಿಲ ಹಿಡಿಕೆ, ಲಿಫ್ಟ್ ಬಟನ್ ಎಲ್ಲ ಸೇರಿ. ಆ ಸುತ್ತಿನಲ್ಲಿ ತೆರೆದಿಟ್ಟ ತಿಂಡಿ ಇದ್ದರೆ ನೇರ ಕಸಕ್ಕೆ.

ಗ್ಲೌಸ್, ಮಾಸ್ಕ್, ಕನ್ನಡಕ, ಏಪ್ರನ್, ಶೂ ಕವರ್ ಹಾಕಿ. ಹೀರುವ ಪುಡಿ ಅಥವಾ ಪೇಪರ್ ಟವೆಲ್ ಮುಚ್ಚಿ, ಮೆಲ್ಲಗೆ ಬಾಚಿ ಎರಡು ಚೀಲದಲ್ಲಿ ಕಟ್ಟಿ. ವ್ಯಾಕ್ಯೂಮ್ ಕ್ಲೀನರ್ ಮಾತ್ರ ಮುಟ್ಟಲೇಬೇಡಿ, ಅದು ಒಂದು ಕಡೆ ಹೀರಿ ಇನ್ನೊಂದು ಕಡೆ ಗಾಳಿಗೆ ಊದುತ್ತದೆ. ಆಮೇಲೆ ಡಿಟರ್ಜೆಂಟ್‌ನಲ್ಲಿ ತೊಳೆದು, ಕೊನೆಗೆ ಬ್ಲೀಚ್. ಈ ಸರದಿ ತಪ್ಪಿದರೆ ಬ್ಲೀಚ್ ವೇಸ್ಟ್. ಕೊಳೆಯೇ ಕ್ಲೋರಿನ್ನನ್ನು ತಿಂದು ಮುಗಿಸುತ್ತದೆ.

ಅಳತೆ: ಬೇಕಾದ್ದು 1000ದಿಂದ 5000 ಪಿಪಿಎಂ ಕ್ಲೋರಿನ್ (ಪಿಪಿಎಂ ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅಂತ). 5% ಬ್ಲೀಚ್ ದ್ರಾವಣವಾದರೆ ಒಂದು ಲೀಟರ್ ನೀರಿಗೆ 20 ಮಿಲಿ ಹಾಕಿದರೆ 1000. ವಾಂತಿ ಬಿದ್ದ ಜಾಗಕ್ಕೆ 900 ಮಿಲಿ ನೀರಿಗೆ 100 ಮಿಲಿ, ಅಂದರೆ 5000. ಕನಿಷ್ಠ 5 ನಿಮಿಷ ಒದ್ದೆಯಾಗಿಯೇ ಇರಬೇಕು. ಸ್ಪ್ರೇ ಹೊಡೆದು ತಕ್ಷಣ ಬಟ್ಟೆ ಎಳೆದರೆ ಪೂಜೆ ಮಾಡಿದ ಹಾಗೆ, ಅಷ್ಟೇ. ತಣ್ಣೀರೇ ಬಳಸಿ, ದಿನಾ ಹೊಸದು ಕಲಸಿ. ಊಟದ ಟೇಬಲ್ ಆದರೆ ಕೊನೆಗೆ ಬರೀ ನೀರಿನಲ್ಲಿ ಒರೆಸಿ.

ಕಾರ್ಪೆಟ್‌ಗೆ ಬ್ಲೀಚ್ ಬೇಡ, ಬಣ್ಣ ಹೋಗುತ್ತದೆ. ಸ್ಟೀಮ್ ಕೊಡಿ: 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ನಿಮಿಷ, ಇಲ್ಲವೇ 100 ಡಿಗ್ರಿಯಲ್ಲಿ 1 ನಿಮಿಷ. ಹಡಗಿನಲ್ಲಿ ಬೇರೆ ರಾಸಾಯನಿಕ ಕೊಟ್ಟರೆ ಅದರ ಲೇಬಲ್‌ನಲ್ಲಿರುವ ಸಮಯವೇ ಲೆಕ್ಕ, ನನ್ನ 5 ನಿಮಿಷ ಅಲ್ಲ.

ಪಡುಕೆರೆ_ಹುಡುಗ
ಊರಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೆಯಲ್ಲ, ಮನೆಯಲ್ಲಿ ಅದನ್ನೇ ಬಳಸಬಹುದಾ? ಅದಕ್ಕೆ ಟಾಯ್ಲೆಟ್ ಆಸಿಡ್ ಸ್ವಲ್ಪ ಸೇರಿಸಿದರೆ ಪವರ್ ಜಾಸ್ತಿ ಅಂತಾರೆ.

ಡೆಕ್_ಐದು
ಅಯ್ಯೋ ಬೇಡ ಮಾರಾಯ್ರೆ! ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಅಪಾಯ. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬೇಡ. ಪೌಡರ್ ಆಗಬಹುದು: 33% ಕ್ಲೋರಿನ್ ಇರುವ ತಾಜಾ ಪುಡಿ ಲೀಟರಿಗೆ 3 ಗ್ರಾಂ ಹಾಕಿದರೆ ಸುಮಾರು 1000 ಪಿಪಿಎಂ. ತಿಳಿ ಮೇಲೆ ಬಂದ ಮೇಲೆ ಅದನ್ನಷ್ಟೇ ತೆಗೆದುಕೊಳ್ಳಿ. ತೆರೆದಿಟ್ಟು ಗಟ್ಟಿಯಾದ ಪುಡಿಗೆ ಈ ಲೆಕ್ಕ ನಡೆಯಲ್ಲ.

ಲಾಗ್‌ಬುಕ್
ಮೂರನೆಯ ಪ್ರಶ್ನೆ. ಹೇಳಲೇಬೇಕು, ಅದೂ ಮಾತ್ರೆ ನುಂಗುವ ಮೊದಲು. ಲೋಪೆರಮೈಡ್ ಭೇದಿ ನಿಲ್ಲಿಸುತ್ತದೆ, ವೈರಸ್ ನಿಲ್ಲಿಸುವುದಿಲ್ಲ. ಅಷ್ಟರಲ್ಲಿ ಆತ ಹತ್ತಾರು ಕ್ಯಾಬಿನ್ ಹಾಸಿಗೆ ಬದಲಿಸಿರುತ್ತಾನೆ.

ಅಮೆರಿಕದ ಬಂದರಿಗೆ ಬರುವ ಹಡಗುಗಳ ಮೇಲೆ ಸಿಡಿಸಿಯ (ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) ನೈರ್ಮಲ್ಯ ಕಾರ್ಯಕ್ರಮದ ಕಣ್ಣಿದೆ, 1970ರ ದಶಕದಿಂದ. 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ತೆಳು ಭೇದಿ, ಇಲ್ಲವೇ ವಾಂತಿಯ ಜೊತೆ ಜ್ವರ, ತಲೆನೋವು, ಮೈಕೈ ನೋವು, ಹೊಟ್ಟೆ ನುಲಿತದಲ್ಲಿ ಯಾವುದಾದರೂ ಒಂದು ಇದ್ದರೆ ಕೇಸ್ ಅಂತ ಬರೆದುಕೊಳ್ಳುತ್ತಾರೆ. ಆಹಾರ ಮುಟ್ಟುವ ಸಿಬ್ಬಂದಿ ಲಕ್ಷಣ ನಿಂತ ಮೇಲೆ ಕನಿಷ್ಠ 48 ಗಂಟೆ ಪ್ರತ್ಯೇಕ, ಉಳಿದ ಸಿಬ್ಬಂದಿ 24 ಗಂಟೆ. ನಿಮ್ಮ ತಮ್ಮ ಎರಡನೆಯ ಗುಂಪಿಗೆ ಬರುತ್ತಾನೆ. ಆ ದಿನಗಳ ಸಂಬಳದ ಮಾತು ಕಾಂಟ್ರಾಕ್ಟ್‌ನಲ್ಲಿ ಈಗಲೇ ಓದಿಕೊಳ್ಳಲಿ.

ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ 2% ಮುಟ್ಟಿದರೆ ವಿಶೇಷ ವರದಿ ಹೋಗಬೇಕು. 3000 ಪ್ರಯಾಣಿಕರಿದ್ದರೆ 60 ಜನ. 3% ದಾಟಿದ್ದು ವೆಬ್‌ಸೈಟಿನಲ್ಲಿ ಹಡಗಿನ ಹೆಸರಿನೊಂದಿಗೆ ಬರುತ್ತದೆ. ಈ ಲೆಕ್ಕ ಹೀಗೆ ಬಯಲಿಗೆ ಬೀಳುವುದರಿಂದಲೇ ಹಡಗೆಂದರೆ ನೊರೊವೈರಸ್ ಅನ್ನುವ ಹೆಸರು ಬಂದಿದೆ. ಅಮೆರಿಕದಲ್ಲಿ ವರದಿಯಾಗುವ ನೊರೊವೈರಸ್ ಹರಡುವಿಕೆಗಳಲ್ಲಿ ಹಡಗಿನವು ಸುಮಾರು 1% ಮಾತ್ರ.

ಬಿಳಿ_ಏಪ್ರನ್
ಬಫೆಯ ಮಾತು ಯಾರೂ ಎತ್ತಲಿಲ್ಲ. ಕೈ ತೊಳೆದು ಸಾಲಿಗೆ ನಿಂತವರು ಎಲ್ಲರೂ ಮುಟ್ಟಿದ ಇಕ್ಕಳ, ಸೌಟು ಹಿಡಿದು, ಅದೇ ಕೈಯಲ್ಲಿ ಬ್ರೆಡ್ ಮುರಿಯುತ್ತಾರೆ. ಬಡಿಸಿಕೊಂಡು, ತಟ್ಟೆ ಟೇಬಲ್ ಮೇಲಿಟ್ಟು, ಮತ್ತೊಮ್ಮೆ ತೊಳೆಯಬೇಕು. ಕೇಸ್ ಏರುತ್ತಿದ್ದಂತೆ ಸೆಲ್ಫ್ ಸರ್ವಿಸ್ ನಿಲ್ಲಿಸಿ ಸಿಬ್ಬಂದಿಯೇ ಬಡಿಸುವುದು ಇದಕ್ಕೇ. ಬಿಸಿ ಊಟ 57 ಡಿಗ್ರಿ ಮೇಲಿಟ್ಟರೆ ಬ್ಯಾಕ್ಟೀರಿಯಾಕ್ಕೆ ತಡೆ, ನೊರೊವೈರಸ್‌ಗೆ ಅಲ್ಲ. ಅದು 60 ಡಿಗ್ರಿಯಲ್ಲೂ ಉಳಿಯಬಲ್ಲದು. ಸಾಲಡ್, ಹಣ್ಣು, ಐಸ್‌ನಂತಹ ಬೇಯಿಸದ ವಸ್ತು ಮುಟ್ಟುವ ಕೈ ಮೇಲೆಯೇ ಎಲ್ಲ ನಿಂತಿದೆ.

ಲಾಗ್‌ಬುಕ್
ತಮ್ಮನ ಬ್ಯಾಗಿಗೆ ಒಆರ್‌ಎಸ್ ನಾಲ್ಕು ಪ್ಯಾಕೆಟ್ ಹಾಕಿ. ಒಂದು ಲೀಟರಿನದೋ 200 ಮಿಲಿಯದೋ ನೋಡಿ ಕೊಳ್ಳಿ. ದೊಡ್ಡ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ ಸುರಿದು ಉಪ್ಪು ಹೆಚ್ಚಾಗಿ ತೊಂದರೆ ಮಾಡಿಕೊಳ್ಳುವವರಿದ್ದಾರೆ.