ಗೇಮ್ ಆಡಿ ಗೊತ್ತಿಲ್ಲದ ಹೆಂಡತಿಯ ಜೊತೆ ಯಾವ ಗೇಮ್ ಆಡಲಿ? ಅನುಭವ ಇದ್ದವರು ಹೇಳಿ

ತುಮಕೂರು_ಹಳೇ_ಲ್ಯಾಪ್‌ಟಾಪ್
ನಾನು ಹೈಸ್ಕೂಲ್ ಕಾಲದಿಂದ ಗೇಮ್ ಆಡುತ್ತಾ ಬಂದವನು. ಹೆಂಡತಿ ಮೊಬೈಲ್‌ನಲ್ಲಿ ಲೂಡೊ ಬಿಟ್ಟು ಬೇರೇನೂ ಆಡಿದವಳಲ್ಲ. ಈಗ ಅವಳೇ ‘ಇಬ್ಬರೂ ಸೇರಿ ಆಡುವಂಥದ್ದು ಏನಾದರೂ ಹಾಕಿ’ ಅಂದಿದ್ದಾಳೆ. ಒಬ್ಬರನ್ನೊಬ್ಬರು ಸೋಲಿಸುವುದು ಬೇಡ, ಒಂದೇ ಕಡೆ ನಿಂತು ಆಡಬೇಕು. ಇರುವುದು 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಕಂಟ್ರೋಲರ್ ಒಂದೇ. ಮಗು ಮಲಗಿದ ಮೇಲೆ ಮುಕ್ಕಾಲು ಗಂಟೆ ಸಿಗುತ್ತದೆ, ಅದೂ ಮಗು ಏಳದಿದ್ದರೆ. ಖರ್ಚು 3,000 ದಾಟಬಾರದು. ಯಾವುದು ತೆಗೆದುಕೊಳ್ಳಲಿ?

ವಿಜಯನಗರ_ಸೋಫಾ
‘ಇಟ್ ಟೇಕ್ಸ್ ಟೂ’. ಬೇರೆ ಯೋಚನೆಯೇ ಬೇಡ. 2021ರಲ್ಲಿ ಬಂತು, ಅದೇ ವರ್ಷ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿ ಗೆದ್ದಿತು. ಒಬ್ಬರೇ ಆಡಲು ಆಗುವುದೇ ಇಲ್ಲ. ಗಂಡನ ಪಾತ್ರಕ್ಕೆ ಮೊಳೆ, ಹೆಂಡತಿಯ ಪಾತ್ರಕ್ಕೆ ಸುತ್ತಿಗೆ. ನಾನು ಗೋಡೆಗೆ ಮೊಳೆ ಎಸೆಯದಿದ್ದರೆ ಅವಳು ಅದಕ್ಕೆ ಜೋತುಬಿದ್ದು ದಾಟುವಂತಿಲ್ಲ. ಅವಳು ದಾಟದಿದ್ದರೆ ನಾನು ನಿಂತಲ್ಲೇ. ‘ನೀನು ಸುಮ್ನೆ ಹಿಂದೆ ಬಾ’ ಅನ್ನುವ ಆಟವಲ್ಲ ಅದು.

ಎಷ್ಟು ಬಿತ್ತು ಅಂತಲೂ ಹೇಳಿಬಿಡುತ್ತೇನೆ. ಪ್ಲೇಸ್ಟೇಷನ್ 5 ಗೇಮ್ ಯಂತ್ರಕ್ಕೆ 49,990. ಎರಡನೇ ಕಂಟ್ರೋಲರ್‌ಗೆ 5,990. ಟಿ.ವಿ. ಗೋಡೆಯ ಮೇಲೆ ತೀರಾ ಎತ್ತರದಲ್ಲಿತ್ತು. ಸ್ಕ್ರೀನ್ ಎರಡು ಪಾಲಾದ ಮೇಲೆ ಅವಳಿಗೆ ಅಕ್ಷರವೇ ಕಾಣಲಿಲ್ಲ. ಅದನ್ನು ಕೆಳಗಿಳಿಸಲು 1,200. ಹೊಸ ತೂತು ಕೊರೆದವನು ಹಳೇದನ್ನು ಮುಚ್ಚದೆ ಹೋದ. ಪುಟ್ಟಿ, ಬಣ್ಣ ಅಂತ ಇನ್ನೊಂದು 800. ಒಟ್ಟು 57,980, ಗೇಮ್‌ನ ಬೆಲೆ ಬೇರೆ. ಒಂದು ರೂಪಾಯಿಯೂ ದಂಡ ಅಂತ ಅನ್ನಿಸಿಲ್ಲ.

ಶುರುವಿನಲ್ಲಿ ಕಾಡುವುದು ಬಲಗೈ ಹೆಬ್ಬೆರಳು. ಎಡದ್ದರಲ್ಲಿ ನಡೆಯಬೇಕು, ಬಲದ್ದರಲ್ಲಿ ಕ್ಯಾಮೆರಾ ತಿರುಗಿಸಬೇಕು, ಎರಡೂ ಒಟ್ಟಿಗೆ. ಚಿಕ್ಕಂದಿನಿಂದ ಆಡಿದವರಿಗೆ ಇದು ಗಮನಕ್ಕೇ ಬರುವುದಿಲ್ಲ. ಅವಳು ನಡೆಯುತ್ತಿದ್ದಳು, ನಿಲ್ಲುತ್ತಿದ್ದಳು, ತಿರುಗಿಸುತ್ತಿದ್ದಳು, ಮತ್ತೆ ನಡೆಯುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಮರದ ಅಧ್ಯಾಯ ಮುಗಿಯುವಷ್ಟರಲ್ಲಿ ಓಡುತ್ತಲೇ ತಿರುಗಿಸುತ್ತಿದ್ದಳು. ಈಗ ಅದೇ ತಂಡದ ‘ಸ್ಪ್ಲಿಟ್ ಫಿಕ್ಷನ್’ ಆಡುತ್ತಿದ್ದೇವೆ. ಜಿಗಿಯುವ ಜಾಗ ಬಂದರೆ ಅವಳೇ ಮುಂದೆ.

ಶಿವಮೊಗ್ಗ_ಮಳೆಗಾಲ
ಆನೆಯ ವಿಷಯ ಯಾಕೆ ಬಿಟ್ಟಿರಿ? ಹೇಳಲೇಬೇಕಾದ್ದು ಅದೇ ಅಲ್ವಾ?

ಕಥೆಯೇ ವಿಚ್ಛೇದನಕ್ಕೆ ಹೊರಟ ಗಂಡ ಹೆಂಡತಿಯದು. ಇಬ್ಬರೂ ಗೊಂಬೆಗಳಾಗಿಬಿಡುತ್ತಾರೆ. ಮಗಳ ಕಣ್ಣೀರು ಬಿದ್ದರೆ ಮತ್ತೆ ಮನುಷ್ಯರಾಗಬಹುದು ಅಂದುಕೊಂಡು, ಅವಳನ್ನು ಅಳಿಸುವುದಕ್ಕೆ ಅವಳ ಪ್ರೀತಿಯ ಆನೆ ಗೊಂಬೆಯನ್ನು ಹಿಡಿದೆಳೆಯುತ್ತಾರೆ. ಅದು ಬೇಡ ಬೇಡ ಅಂತ ಅಂಗಲಾಚುತ್ತದೆ. ಕಿವಿ ಹರಿಯುತ್ತದೆ. ಸುಮ್ನೆ ಕೂತು ನೋಡುವುದಲ್ಲ, ಬಟನ್ ಒತ್ತಿ ಎಳೆಯುವವರು ನಾವೇ. ನನ್ನ ಹೆಂಡತಿ ಕಂಟ್ರೋಲರ್ ಇಟ್ಟು ಮಗಳ ರೂಮಿಗೆ ಎದ್ದು ಹೋದಳು. ಮತ್ತೆ ಮುಟ್ಟಲಿಲ್ಲ.

ಇದೊಂದಕ್ಕೇ ಅಂತ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ತಂದಿದ್ದೆ. 71,000. ತಿಂಗಳ ಕಂತು 6,300. ಕಂಟ್ರೋಲರ್ ಎರಡಕ್ಕೆ 3,400. ವಾರಂಟಿ ಮುಗಿದದ್ದೇ ತಡ, ಒಂದರ ಎಡ ಸ್ಟಿಕ್ ಮುಟ್ಟದೆಯೇ ಸರಿದಾಡತೊಡಗಿತು. ರಿಪೇರಿಯವನು 650 ತೆಗೆದುಕೊಂಡ. ಮಳೆಗಾಲ ಕಳೆಯುವ ಮೊದಲೇ ಮತ್ತೆ ಅದೇ ಕಥೆ. ಈಗ ಆ ಲ್ಯಾಪ್‌ಟಾಪ್‌ನಲ್ಲಿ ಮಗಳ ಸಂಗೀತದ ಕ್ಲಾಸ್ ನಡೆಯುತ್ತದೆ. ಕಂತು ಮಾತ್ರ ನನ್ನ ಖಾತೆಯಿಂದ ಹೋಗುತ್ತಿದೆ.

ವಿಜಯನಗರ_ಸೋಫಾ
ಒಂದು ದೃಶ್ಯಕ್ಕೆ ಇಡೀ ಆಟ ಕೆಟ್ಟದ್ದಾ? ಅಪ್ಪ ಅಮ್ಮ ತಮ್ಮದನ್ನೇ ನೋಡಿಕೊಳ್ಳುತ್ತಿದ್ದಾರೆ ಅಂತ ತೋರಿಸಲಿಕ್ಕೇ ಅದು ಇರುವುದು. ಮುಂದೆ ಗಡಿಯಾರ ಬರುತ್ತದೆ, ಹಿಮದ ಊರು ಬರುತ್ತದೆ, ತೋಟ ಬರುತ್ತದೆ. ಅರ್ಧಕ್ಕೆ ಎದ್ದು ಹೋಗಿ ತೀರ್ಪು ಕೊಡುವುದು ಸರಿಯಲ್ಲ.

ಶಿವಮೊಗ್ಗ_ಮಳೆಗಾಲ
ನನ್ನ ಹೆಂಡತಿಗೆ ಯಾವುದು ನೋಯಬೇಕು, ಯಾವುದು ನೋಯಬಾರದು ಅನ್ನುವುದನ್ನು ನೀವು ಹೇಳಬೇಡಿ.

ಮೈಸೂರು_ಮೂರನೇ_ಮಹಡಿ
ಎಲ್ಲರೂ ‘ಹೆಂಡತಿಗೆ ಬರುವುದಿಲ್ಲ’ ಅಂತಲೇ ಶುರು ಮಾಡಿದ್ದೀರಿ. ನಮ್ಮ ಮನೆಯಲ್ಲಿ ಆಡುವವಳು ನಾನು. ಗಂಡನಿಗೆ ಚೆಸ್ ಬಿಟ್ಟರೆ ಬೇರೆ ಆಟ ಬೇಡ.

ತಲೆ ಓಡಿಸುವವನಿಗೆ ತಲೆ ಓಡಿಸುವ ಆಟ ಅಂತ ‘ಪೋರ್ಟಲ್ 2’ ಹಾಕಿದೆ. 2011ರದ್ದು, ಎರಡು ರೋಬೋಟ್‌ಗಳು ಸೇರಿ ಒಗಟು ಬಿಡಿಸಬೇಕು. ಒಗಟು ಅವನಿಗೆ ನೋಡಿದ ಕೂಡಲೇ ಹೊಳೆಯುತ್ತಿತ್ತು. ಪೋರ್ಟಲ್ (ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಬರುವ ಬಾಗಿಲು) ಎಲ್ಲಿ ತೆರೆಯಬೇಕು ಅಂತ ಟಿ.ವಿ. ಹತ್ತಿರ ಹೋಗಿ ಬೆರಳಿಟ್ಟು ತೋರಿಸುತ್ತಿದ್ದ. ಆದರೆ ಅಲ್ಲಿ ಪಾತ್ರದ ಕಣ್ಣಿನಿಂದಲೇ ನೋಡಬೇಕು. ನೆಲದ ಪೋರ್ಟಲ್‌ಗೆ ಬಿದ್ದು ಗೋಡೆಯ ಪೋರ್ಟಲ್‌ನಿಂದ ಚಿಮ್ಮುವಾಗ ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಫೀಲ್ಡ್ ಆಫ್ ವ್ಯೂ, ಅಂದರೆ ಒಮ್ಮೆಗೆ ಕಾಣುವ ಅಗಲ, ಜಾಸ್ತಿ ಮಾಡಿದೆ. ತಿರುಗುವಾಗ ಚಿತ್ರ ಮಸುಕಾಗುವ ಮೋಷನ್ ಬ್ಲರ್ ತೆಗೆದೆ. ರೂಮಿನ ದೀಪ ಹಾಕಿ ದೂರ ಕೂರಿಸಿದೆ. ಶುಂಠಿ ಕಷಾಯವನ್ನೂ ಕೊಟ್ಟೆ. ಉಪಯೋಗ ಆಗಲಿಲ್ಲ. ಆಡಿದ ರಾತ್ರಿ ಊಟ ಅರ್ಧಕ್ಕೇ ನಿಲ್ಲುತ್ತಿತ್ತು.

ಕೊನೆಗೆ ನಮಗೆ ಒಗ್ಗಿದ್ದು 2017ರ ‘ಡಿವಿನಿಟಿ: ಒರಿಜಿನಲ್ ಸಿನ್ 2’. ಯುದ್ಧ ಸರದಿಯ ಮೇಲೆ ನಡೆಯುತ್ತದೆ. ನಿನ್ನ ಸರದಿ ಬಂದಾಗ ಬೇಕಾದಷ್ಟು ಹೊತ್ತು ಯೋಚಿಸು, ಯಾರೂ ಬಂದು ಹೊಡೆಯುವುದಿಲ್ಲ. ಎಣ್ಣೆ ಚೆಲ್ಲಿದ ನೆಲಕ್ಕೆ ಬೆಂಕಿ ಹಚ್ಚಬಹುದು, ನೀರು ನಿಂತಲ್ಲಿ ಮಿಂಚು ಬಿಡಬಹುದು. ಈಗ ಅವನು ಆಫೀಸಿನಿಂದ ಫೋನ್ ಮಾಡಿ ‘ಆ ಸೇತುವೆ ಹತ್ತಿರ ಎಣ್ಣೆ ಪೀಪಾಯಿ ಇಟ್ಟರೆ ಹೇಗೆ?’ ಅಂತ ಕೇಳುತ್ತಾನೆ. ಗೇಮ್ ಗೊತ್ತಿಲ್ಲದವರಿಗೆ ಸುಲಭದ್ದು ಕೊಡಿ ಅನ್ನುತ್ತಾರಲ್ಲ, ಆ ಮಾತೇ ನನಗೆ ಆಗುವುದಿಲ್ಲ. ಅವರು ದಡ್ಡರಲ್ಲ. ಅವರಿಗೆ ಬೇಕಿರುವುದು ಸಮಯ.

ಮ್ಯೂನಿಕ್_ಮಲೆನಾಡು
ಇಷ್ಟೆಲ್ಲ ಒದ್ದಾಟ ಯಾಕೆ? ನಿಂಟೆಂಡೊ ಸ್ವಿಚ್ ಅನ್ನುವ ಗೇಮ್ ಯಂತ್ರ ತೆಗೆದುಕೊಳ್ಳಿ. ಒಂದೇ ಡಬ್ಬಿಯಲ್ಲಿ ಎರಡು ಪುಟ್ಟ ಕಂಟ್ರೋಲರ್ ಬರುತ್ತವೆ. ‘ಸೂಪರ್ ಮಾರಿಯೊ ಒಡಿಸ್ಸಿ’ಯಲ್ಲಿ ಒಬ್ಬರು ಮಾರಿಯೊ, ಇನ್ನೊಬ್ಬರು ಅವನ ಟೋಪಿ. ಟೋಪಿಗೆ ಬಿದ್ದು ಸಾಯುವ ಭಯ ಇಲ್ಲ, ಕ್ಯಾಮೆರಾದ ತಲೆನೋವು ಇಲ್ಲ. ನನ್ನಾಕೆ ಟೋಪಿಯಾಗಿಯೇ ಶುರು ಮಾಡಿದಳು. ‘ಸ್ನಿಪ್ಪರ್‌ಕ್ಲಿಪ್ಸ್’ನಲ್ಲಿ ಎರಡು ಕಾಗದದ ತುಂಡುಗಳು, ಒಬ್ಬರನ್ನೊಬ್ಬರು ಕತ್ತರಿಸಿ ಬೇಕಾದ ಆಕಾರ ಮಾಡಿಕೊಳ್ಳಬೇಕು. ಇಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಹೊಸದಾಗಿ ಬಂದ ವರ್ಷ ಅವಳಿಗೆ ಇಲ್ಲಿ ಯಾರೂ ಪರಿಚಯ ಇರಲಿಲ್ಲ. ಸಂಜೆಗಳನ್ನು ದಾಟಿಸಿದ್ದು ಇವೆರಡು ಆಟಗಳೇ.

ಬಸವನಗುಡಿ_ಬಿಲ್
ಸ್ವಾಮಿ, ಅವರು ಕೇಳಿದ್ದು 3,000ದ ಒಳಗೆ. ನೀವು ಹೇಳುತ್ತಿರುವುದು ಅದರ ಹತ್ತು ಪಟ್ಟು. ಇಂಡಿಯಾದಲ್ಲಿ ನಿಂಟೆಂಡೊ ಅಧಿಕೃತವಾಗಿ ಮಾರುವುದೇ ಇಲ್ಲ ಅಂತ ಗೊತ್ತಾ? ಇಲ್ಲಿ ಸಿಗುವುದೆಲ್ಲ ಹೊರಗಿನಿಂದ ತಂದದ್ದು. ನಾನು ತೆಗೆದುಕೊಂಡದ್ದು 28,500ಕ್ಕೆ. ಅಂಗಡಿಯವನು ಹೊಸದು ಅಂತಲೇ ಕೊಟ್ಟ. ಮನೆಗೆ ಬಂದು ನೋಡಿದರೆ ಸೀಲ್ ಒಡೆದಿದೆ, ಒಳಗಿರುವ ಚಾರ್ಜರ್ ಬೇರೆ ಯಾವುದೋ. ಸರಿಯಾದ ಚಾರ್ಜರ್‌ಗೆ 2,900. ಪಿನ್ ಇಲ್ಲಿಯ ಸಾಕೆಟ್‌ಗೆ ಹೋಗುವುದಿಲ್ಲ, ಕನ್ವರ್ಟರ್‌ಗೆ 180. ವಾರಂಟಿ ಅಂತ ಕೊಟ್ಟದ್ದು ಅಂಗಡಿಯ ರಬ್ಬರ್ ಸ್ಟಾಂಪ್ ಹೊಡೆದ ಚೀಟಿ. ಒಂದೊಂದು ಗೇಮ್ ಕಾರ್ಡ್ 4,000ದ ಮೇಲೆ, ಹಳೇದಾದರೂ ಇಳಿಯುವುದಿಲ್ಲ. ಮ್ಯೂನಿಕ್‌ನಲ್ಲಿ ಕೂತು ‘ಒದ್ದಾಟ ಯಾಕೆ’ ಅಂತ ಕೇಳುವುದು ಸುಲಭ.

ಮ್ಯೂನಿಕ್_ಮಲೆನಾಡು
ನಾನು ಯಾವ ಆಟ ಒಳ್ಳೆಯದು ಅಂತ ಹೇಳಿದೆ. ನಿಮ್ಮ ಅಂಗಡಿಯವನ ಸಿಟ್ಟು ನನ್ನ ಮೇಲೆ ಯಾಕೆ?

ಹುಬ್ಬಳ್ಳಿ_ಒಗ್ಗರಣೆ
ಯಾರು ಏನೇ ಹೇಳಲಿ, ‘ಓವರ್‌ಕುಕ್ಡ್’ ಮಾತ್ರ ಮೊದಲ ಆಟ ಮಾಡಿಕೊಳ್ಳಬೇಡಿ. ಅಡುಗೆ ಆಟ, ಮುದ್ದಾದ ಬೊಂಬೆಗಳು ಅಂತ ಹೋಗುತ್ತೀರಿ. ಈರುಳ್ಳಿ ಹೆಚ್ಚು, ಪಾತ್ರೆಗೆ ಹಾಕು, ಸೂಪ್ ಬಡಿಸು, ತಟ್ಟೆ ತೊಳೆ, ಅಷ್ಟರಲ್ಲಿ ಒಲೆಗೆ ಬೆಂಕಿ. ಅಡುಗೆಮನೆ ಎರಡು ಲಾರಿಗಳ ಮೇಲಿರುತ್ತದೆ, ಲಾರಿಗಳು ಬೇರೆಯಾದರೆ ಅವಳು ಆ ಕಡೆ, ತಟ್ಟೆ ಈ ಕಡೆ. ಗಡಿಯಾರ ಓಡುತ್ತಲೇ ಇರುತ್ತದೆ. ನನ್ನ ಹೆಂಡತಿ ದಿನಾ ಎಂಟು ಜನರಿಗೆ ಅಡುಗೆ ಮಾಡುವವಳು. ನಾನು ‘ಈರುಳ್ಳಿ! ಈರುಳ್ಳಿ!’ ಅಂತ ಕೂಗಿದೆ. ‘ಹಗಲೆಲ್ಲ ಒಲೆ ಮುಂದೆ ನಿಂತವಳಿಗೆ ರಾತ್ರಿಯೂ ಅದೇನಾ’ ಅಂತ ಕೇಳಿದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಸವನಗುಡಿ_ಬಿಲ್
ಅದು ಆಟದ ತಪ್ಪಲ್ಲ, ಕೂಗಿದ್ದರದ್ದು. ನಾವಿಬ್ಬರೂ ಅದರಲ್ಲಿ ಎಲ್ಲ ಮಟ್ಟಕ್ಕೂ ಮೂರು ನಕ್ಷತ್ರ ತೆಗೆದಿದ್ದೇವೆ. ಅವಳು ಹೆಚ್ಚುವುದು, ನಾನು ಬೇಯಿಸಿ ಬಡಿಸುವುದು, ಶುರುವಿಗೇ ಮಾತಾಡಿಕೊಂಡರೆ ಮುಗಿಯಿತು. ‘ಆಲ್ ಯು ಕ್ಯಾನ್ ಈಟ್’ ಆವೃತ್ತಿಯಲ್ಲಿ ಅಸಿಸ್ಟ್ ಮೋಡ್ ಇದೆ, ಸಮಯ ಜಾಸ್ತಿ ಸಿಗುತ್ತದೆ. ಒಂದೇ ಕಂಟ್ರೋಲರ್ ಅನ್ನು ಎಡ ಭಾಗ ಒಬ್ಬರಿಗೆ, ಬಲ ಭಾಗ ಇನ್ನೊಬ್ಬರಿಗೆ ಅಂತ ಹಂಚಿಕೊಂಡೂ ಆಡಬಹುದು.

ಹುಬ್ಬಳ್ಳಿ_ಒಗ್ಗರಣೆ
ಎಂಟು ಜನರ ಮನೆಯಲ್ಲಿ ಅಡುಗೆ ಮಾಡಿ ಬಂದು ಆಮೇಲೆ ನಕ್ಷತ್ರದ ಲೆಕ್ಕ ಹೇಳಿ.

ತುಮಕೂರು_ಹಳೇ_ಲ್ಯಾಪ್‌ಟಾಪ್
ಎಲ್ಲರಿಗೂ ಥ್ಯಾಂಕ್ಸ್. ಆದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಇವುಗಳಲ್ಲಿ ಯಾವುದು ಓಡುತ್ತದೆ?

ಮಂಗಳೂರು_ಸಂಜೆಬಸ್
‘ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್’ ಓಡುತ್ತದೆ. 2015ರದ್ದು. ಗ್ರಾಫಿಕ್ಸ್ ಕಾರ್ಡ್ ಬೇಡ. ನೀವು ಬಾಂಬ್ ನೋಡುತ್ತೀರಿ, ಅದು ಸಿಡಿಯದಂತೆ ಮಾಡುವ ಕೈಪಿಡಿ ಹೆಂಡತಿಯ ಕೈಯಲ್ಲಿ. ನೀವು ಕೈಪಿಡಿ ನೋಡುವಂತಿಲ್ಲ, ಅವರು ಸ್ಕ್ರೀನ್ ನೋಡುವಂತಿಲ್ಲ. ಕೈಪಿಡಿ ಉಚಿತವಾಗಿ ಸಿಗುತ್ತದೆ, 23 ಪುಟ. ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 3 ರೂಪಾಯಿಯಂತೆ 69 ಆಯಿತು, ಸ್ಪೈರಲ್ ಬೈಂಡಿಂಗ್‌ಗೆ 40. ಕಂಟ್ರೋಲರ್ ಮುಟ್ಟುವ ಪ್ರಶ್ನೆಯೇ ಇಲ್ಲ, ಗೇಮರ್‌ಗೆ ಇರುವ ಕೈಚಳಕ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ‘ಕೆಂಪು ವೈರ್ ಎಷ್ಟಿದೆ? ಸೀರಿಯಲ್ ನಂಬರ್‌ನ ಕೊನೆಯ ಅಂಕಿ ಬೆಸವಾ?’ ಅಂತ ಒಂದೇ ದನಿಯಲ್ಲಿ ಕೇಳುತ್ತಾಳೆ. ಚಿಹ್ನೆಗಳ ಒಗಟಿನಲ್ಲಿ ಒಂದೊಂದು ಚಿಹ್ನೆಗೂ ನಾವೇ ಹೆಸರಿಟ್ಟುಕೊಂಡಿದ್ದೇವೆ. ಚಕ್ಕುಲಿ, ಮೂರು ಕಾಲಿನ ಸ್ಟೂಲು, ಬಾಲದ ಸೊನ್ನೆ. ತಪ್ಪಾದರೆ ಗಡಿಯಾರ ಇನ್ನೂ ಜೋರಾಗಿ ಓಡುತ್ತದೆ. ಒಂದು ಬಾಂಬ್ ಅಂದರೆ ಕೆಲವೇ ನಿಮಿಷ ಅಷ್ಟೇ. ಮಗು ಎದ್ದರೂ ಕಳೆದುಕೊಳ್ಳುವುದು ಏನೂ ಇಲ್ಲ.

ಮೈಸೂರು_ಮೂರನೇ_ಮಹಡಿ
ಗಂಡನಿಗೆ ಆಟ, ಹೆಂಡತಿಗೆ ಪುಸ್ತಕ. ಇದು ಜೊತೆಗೆ ಆಡಿದ್ದು ಹೇಗಾಗುತ್ತದೆ?

ಮಂಗಳೂರು_ಸಂಜೆಬಸ್
ಅದಲು ಬದಲು ಮಾಡಿಕೊಳ್ಳುತ್ತೇವೆ. ಪುಸ್ತಕ ಹಿಡಿದವರದ್ದೇ ಕಷ್ಟದ ಕೆಲಸ. ಆಡಿ ನೋಡದೆ ಹೇಳಬೇಡಿ.

ಹಾಸನ_ಕಾಫಿಗಿಡ
‘ಸ್ಟಾರ್ಡ್ಯೂ ವ್ಯಾಲಿ’ ಕೂಡ ಆ ಲ್ಯಾಪ್‌ಟಾಪ್‌ನಲ್ಲಿ ಧಾರಾಳವಾಗಿ ಓಡುತ್ತದೆ. 2016ರದ್ದು, ಒಬ್ಬನೇ ಕೂತು ಮಾಡಿದ ಕೃಷಿಯ ಆಟ. 2020ರ ಕೊನೆಯಿಂದ ಸ್ಪ್ಲಿಟ್ ಸ್ಕ್ರೀನ್ ಇದೆ, ಅಂದರೆ ಒಂದೇ ಸ್ಕ್ರೀನ್ ಇಬ್ಬರಿಗೆ ಪಾಲಾಗುತ್ತದೆ. ಒಬ್ಬರಿಗೆ ಕೀಬೋರ್ಡ್, ಒಬ್ಬರಿಗೆ ಕಂಟ್ರೋಲರ್ ಸಾಕು. ಆಟದ ಒಂದು ದಿನ ಸುಮಾರು 14 ನಿಮಿಷ. ಸೇವ್ ಆಗುವುದು ಆಟದೊಳಗೆ ಇಬ್ಬರೂ ಹಾಸಿಗೆಗೆ ಹೋದ ಮೇಲೆ ಮಾತ್ರ, ಅದು ನೆನಪಿರಲಿ.

ಆದರೆ ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಆಟದಲ್ಲಿ ಮದುವೆ ಇದೆ. ಇಬ್ಬರು ಆಟಗಾರರೂ ಮದುವೆಯಾಗಬಹುದು. ಅದಕ್ಕೆ ಉಂಗುರ ಮಾಡಬೇಕು. ವಿಧಾನ ಶುಕ್ರವಾರ, ಭಾನುವಾರ ಬರುವ ಗಾಡಿಯಲ್ಲಿ 500 ಚಿನ್ನಕ್ಕೆ ಸಿಗುತ್ತದೆ. ಐದು ಇರಿಡಿಯಂ ಗಟ್ಟಿ ಬೇಕು, ಪ್ರಿಸ್ಮ್ಯಾಟಿಕ್ ಶಾರ್ಡ್ ಅನ್ನುವ ಒಂದು ಹರಳು ಬೇಕು. ಆ ಶಾರ್ಡ್ ಸುಲಭಕ್ಕೆ ಸಿಗುವುದಲ್ಲ. ನಾನು ಮರುಭೂಮಿಯ ಗಣಿಯಲ್ಲಿ ಬಿದ್ದು ಎದ್ದು ಅದನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳು ನಾವು ಬೆಳೆದ ಕಾಫಿಯನ್ನೇ ವಾರಕ್ಕೆ ಎರಡು ಸಲ ಕೊಟ್ಟು ಕೊಟ್ಟು ಊರಿನ ಡಾಕ್ಟರ್ ಹಾರ್ವಿಯ ಮನಸ್ಸು ಗೆದ್ದಳು. ಹೂಗುಚ್ಛಕ್ಕೆ 200. ಮಳೆಯ ದಿನ ಸಮುದ್ರದ ಹತ್ತಿರ ನಿಲ್ಲುವ ಮುದುಕನಿಂದ ಪದಕ, 5,000. ಮದುವೆಗೆ ಮನೆ ದೊಡ್ಡದಿರಬೇಕು ಅಂತ 10,000 ಮತ್ತು 450 ಕಟ್ಟಿಗೆ. ಎಲ್ಲ ನಮ್ಮಿಬ್ಬರ ಒಂದೇ ಹಣದ ಚೀಲದಿಂದ. ಕಟ್ಟಿಗೆ ಕಡಿದವನು ನಾನು. ಆಟ ಅಂತ ಗೊತ್ತು. ಆದರೂ ಬೇಜಾರಾಯಿತು.

ಮೈಸೂರು_ಮೂರನೇ_ಮಹಡಿ
ಉಂಗುರ ಮಾಡುತ್ತಿದ್ದೇನೆ ಅಂತ ಅವರಿಗೆ ಹೇಳಿದ್ದಿರಾ? ಇಲ್ಲ ಅಲ್ವಾ? ಹಾಗಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಹಣ ಬೇರೆ ಮಾಡಬೇಕೆಂದರೆ ಮೇಯರ್ ಲೂಯಿಸ್ ಮನೆಯಲ್ಲಿ ಲೆಕ್ಕದ ಪುಸ್ತಕ ಇದೆ, ಅಲ್ಲಿ ಮಾಡಿಕೊಳ್ಳಬಹುದು.

ಹಾಸನ_ಕಾಫಿಗಿಡ
ಮೊದಲೇ ಹೇಳಿದರೆ ಅಚ್ಚರಿ ಎಲ್ಲಿ ಉಳಿಯುತ್ತದೆ? ಹಣ ಬೇರೆ ಮಾಡಿದರೆ ಜೊತೆಗೆ ಆಡುವುದಕ್ಕೆ ಅರ್ಥ ಏನು?

ಬಸವನಗುಡಿ_ಬಿಲ್
ಮೇಯರ್‌ನ ಅದೇ ಮನೆಯಲ್ಲಿ ವಿಚ್ಛೇದನವೂ ಸಿಗುತ್ತದೆ, 50,000 ಚಿನ್ನ. ಹಾರ್ವಿಯನ್ನು ಬಿಡಿಸಿ.

ಹಾಸನ_ಕಾಫಿಗಿಡ
ಹಾರ್ವಿಯನ್ನು ಬಿಡುವುದಿಲ್ಲ ಅಂದಿದ್ದಾಳೆ. ಒಪ್ಪಿದರೂ ಆ 50,000 ಬರಬೇಕಾದ್ದು ಅದೇ ಚೀಲದಿಂದ. ಅದನ್ನು ನಾನು ಸ್ಪ್ರಿಂಕ್ಲರ್‌ಗೆ ಅಂತ ಕೂಡಿಟ್ಟಿದ್ದೇನೆ.

ಶಿವಮೊಗ್ಗ_ಮಳೆಗಾಲ
ಇಲ್ಲೂ ವಿಚ್ಛೇದನವಾ? ಈ ಗೇಮ್ ಮಾಡುವವರಿಗೆ ಬೇರೆ ಕಥೆಯೇ ಸಿಗುವುದಿಲ್ಲವಾ?

ವಿಜಯನಗರ_ಸೋಫಾ
‘ಇಟ್ ಟೇಕ್ಸ್ ಟೂ’ ಬಗ್ಗೆ ಇನ್ನೊಮ್ಮೆ ಮಾತು ತೆಗೆಯಬೇಡಿ. ನೀವು ಅದನ್ನು ಮುಗಿಸಿಲ್ಲ.