ಮಾದರಿ ರೈಲಿಗೆ ಮೊದಲ ಡಿಸಿಸಿ ಸಿಸ್ಟಮ್ ಯಾವುದು ತಗೊಳ್ಳಲಿ? ಈಗಿನದರಲ್ಲಿ ಲೈಟ್ ಉರಿಯುತ್ತೆ, ಎಂಜಿನ್ ಮಾತು ಕೇಳಲ್ಲ

ಚುಕುಬುಕು_ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒದ್ದಾಡಿ ಸಾಕಾಗಿದೆ. ಅನಲಾಗ್ (ಹಳಿಯ ವೋಲ್ಟ್ ಏರಿಸಿ ಇಳಿಸಿ ಓಡಿಸುವುದು) ಬಿಟ್ಟು ಡಿಸಿಸಿಗೆ, ಅಂದರೆ ಹಳಿಯಲ್ಲೇ ಎಂಜಿನ್‌ಗೆ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿಗೆ ಬರೋಣ ಅಂತ ಅರ್ಡುಯಿನೊ ಮೆಗಾ ಬೋರ್ಡ್, ಹಳಿಗೆ ಕರೆಂಟ್ ಕೊಡುವ ಮೋಟಾರ್ ಶೀಲ್ಡ್ ತಂದು ಡಿಸಿಸಿ-ಇಎಕ್ಸ್ ಸಾಫ್ಟ್‌ವೇರ್ ಹಾಕಿಕೊಂಡೆ. ಎಂಜಿನ್ ಹಳಿ ಮೇಲಿಟ್ಟರೆ ಹೆಡ್‌ಲೈಟ್ ಉರಿಯುತ್ತದೆ. ಸ್ಪೀಡ್ ಕೊಟ್ಟರೆ ಒಮ್ಮೆ ಜಗ್ಗಿ ನಿಲ್ಲುತ್ತದೆ, ಹತ್ತು ಸಲಕ್ಕೆ ಒಂದು ಸಲ ಮಾತು ಕೇಳುತ್ತದೆ. ನಿನ್ನೆ ಸ್ಪೀಡ್ ಸೊನ್ನೆಯಲ್ಲಿದ್ದಾಗಲೇ ಇದ್ದಕ್ಕಿದ್ದಂತೆ ಫುಲ್ ಸ್ಪೀಡಲ್ಲಿ ಓಡಿ, ತಿರುವಿನಲ್ಲಿ ಹಳಿ ತಪ್ಪಿ, ಮೇಜಿನಿಂದ ಕೆಳಗೆ ಬಿತ್ತು. ಮುಂದಿನ ಕಪ್ಲರ್ (ಬೋಗಿ ಜೋಡಿಸುವ ಕೊಂಡಿ) ಮುರಿದಿದೆ, ಒಂದು ಕಡೆ ಹ್ಯಾಂಡ್‌ರೈಲ್ ಬಾಗಿದೆ. ಮಗಳು ಸೋಫಾ ಕೆಳಗೆ ನುಗ್ಗಿ ಕಪ್ಲರ್ ತುಂಡು ಹುಡುಕಿ ಕೊಟ್ಟಳು.

ಇದನ್ನು ಕಟ್ಟಿಟ್ಟು ರೆಡಿಮೇಡ್ ಸಿಸ್ಟಮ್ ತಗೊಳ್ಳೋಣ ಅನಿಸಿದೆ. ಎನ್‌ಸಿಇ ಪವರ್ ಕ್ಯಾಬ್, ಡಿಜಿಟ್ರಾಕ್ಸ್ ಝೆಫಿರ್, ಝಡ್21. ಮೂರರಲ್ಲಿ ಯಾವುದು? ಅಕ್ಕ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಬರುತ್ತಾಳೆ, ತರಿಸಬಹುದು.

ಗಾರ್ಡ್‌ವ್ಯಾನ್_ಹುಬ್ಬಳ್ಳಿ:
ಸರ್, ಸಿಸ್ಟಮ್ ಆಮೇಲೆ ನೋಡೋಣ. ಮೊದಲು ಹಳಿ ಒರೆಸಿ. ನಮ್ಮೂರ ಧೂಳಿಗೆ ಎರಡೇ ದಿನ ಸಾಕು, ಹಳಿ ಮೇಲೆ ಕಪ್ಪು ಪೊರೆ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಬಟ್ಟೆಗೆ ಹಾಕಿ ಉಜ್ಜಿ, ಬಟ್ಟೆ ಬೆಳ್ಳಗೇ ಉಳಿಯುವವರೆಗೆ. ಎಂಜಿನ್ ಚಕ್ರವನ್ನೂ ಬಿಡಬೇಡಿ.

ಸೋಲ್ಡರ್‌ಕೈ:
ಗುರು, ಎಂಜಿನ್ ಯಾವುದು, ಅದರೊಳಗೆ ಆಜ್ಞೆ ಓದಿ ಮೋಟಾರ್ ಓಡಿಸುವ ಡಿಕೋಡರ್ ಯಾವುದು, ಅಡಾಪ್ಟರ್ ಎಷ್ಟು ವೋಲ್ಟ್, ಲೇಔಟ್ ಎಷ್ಟು ಉದ್ದ ಏನೂ ಹೇಳಿಲ್ಲವಲ್ಲ? 12 ವೋಲ್ಟ್ ಅಡಾಪ್ಟರ್ ಆಗಿದ್ದರೆ ಅದೇ ಕಾರಣ ಅಂತ ನನ್ನ ಅನುಮಾನ. ಆ ಶೀಲ್ಡ್‌ನಲ್ಲಿರುವ ಎಲ್298 ಚಿಪ್ ತಾನೇ ಸುಮಾರು 2 ವೋಲ್ಟ್ ತಿಂದುಬಿಡುತ್ತದೆ. ಹಳಿಗೆ ಉಳಿಯುವುದು 10. ಎಚ್‌ಒ ಅಳತೆಯ ರೈಲಿಗೆ 14 ವೋಲ್ಟ್ ಆದರೂ ಇರಲಿ. ಆದರೆ ಜಾಸ್ತಿ ವೋಲ್ಟ್ ಕೊಡುವ ಮೊದಲು ಶೀಲ್ಡ್ ಹಿಂದಿರುವ, ಮೆಗಾಕ್ಕೆ ಕರೆಂಟ್ ಒಯ್ಯುವ ವಿ-ಇನ್ ಗೆರೆ ಕತ್ತರಿಸಲೇಬೇಕು, ಇಲ್ಲದಿದ್ದರೆ ಮೆಗಾ ಸುಡುತ್ತದೆ.

ತಾನಾಗಿ ಓಡಿದ್ದಕ್ಕೆ ಕಾರಣ ಬೇರೆ. ಸಿವಿ 29 (ಡಿಕೋಡರ್‌ನ 29ನೇ ಸೆಟ್ಟಿಂಗ್) ಈಗ 6 ಇರಬೇಕು. ಅಂದರೆ ಅನಲಾಗ್ ಮೋಡ್ ಆನ್ ಇದೆ. ಡಿಕೋಡರ್‌ಗೆ ಸಿಗ್ನಲ್ ಅರ್ಥವಾಗದಿದ್ದರೆ ಇದು ಮಾಮೂಲಿ ಡಿಸಿ ಕರೆಂಟ್ ಅಂತ ತಿಳಿದು ಓಡಿಬಿಡುತ್ತದೆ. 2 ಬರೆಯಿರಿ.

ಚುಕುಬುಕು_ಬೆಂಗಳೂರು:
ಗಾರ್ಡ್‌ವ್ಯಾನ್ ಸರ್, ಹಳಿ ಎರಡು ಸಲ ಒರೆಸಿದೆ, ಏನೂ ಬದಲಾಗಲಿಲ್ಲ. ಎಂಜಿನ್ ಎಚ್‌ಒ, ಆಲ್ಕೊ ಡೀಸೆಲ್, 8 ಪಿನ್ ಡಿಕೋಡರ್. ಅಡಾಪ್ಟರ್ 15 ವೋಲ್ಟ್, ಗೆರೆ ಮೊದಲೇ ಕತ್ತರಿಸಿದ್ದೇನೆ. 8 ಅಡಿ, 4 ಅಡಿ ಓವಲ್, ಎರಡು ಪಾಯಿಂಟ್ (ಹಳಿ ಕವಲೊಡೆಯುವ ಜಾಗ).

ಸಿವಿ 29ಕ್ಕೆ 2 ಬರೆದೆ. ಪ್ರೋಗ್ರಾಮಿಂಗ್‌ಗೆ ಅಂತಲೇ ಎರಡಡಿ ಫ್ಲೆಕ್ಸ್ ಟ್ರ್ಯಾಕ್ ತುಂಡು ಬೇರೆ ಇಟ್ಟಿದ್ದೇನೆ, ಅದರ ಮೇಲೆ ಮೊದಲನೇ ಸಲಕ್ಕೇ ಬರೆಯುತ್ತದೆ, ಓದುತ್ತದೆ. ಈಗ ಓವಲ್ ಮೇಲೆ ತಾನಾಗಿ ಓಡುವುದು ನಿಂತಿತು. ಆದರೆ ಕೊಟ್ಟ ಸ್ಪೀಡ್‌ಗೂ ಓಡುವುದಿಲ್ಲ, ಲೈಟ್ ಹಾಕಿಕೊಂಡು ಸುಮ್ನೆ ನಿಂತಿರುತ್ತದೆ.

ಸೋಲ್ಡರ್‌ಕೈ:
ನೋಡಿ, ಅರ್ಧ ಸರಿಯಾಯಿತು. ಉಳಿದಿದ್ದೂ ಸಿವಿಯಲ್ಲೇ ಇದೆ. ಸಿವಿ 8ಕ್ಕೆ 8 ಬರೆದರೆ ತುಂಬಾ ಡಿಕೋಡರ್‌ಗಳು ಫ್ಯಾಕ್ಟರಿ ಸೆಟ್ಟಿಂಗ್‌ಗೆ ಬರುತ್ತವೆ, ಎಂಜಿನ್ ಕರೆಯುವ ಸಂಖ್ಯೆ, ಅಂದರೆ ವಿಳಾಸ, 3 ಆಗುತ್ತದೆ. ಆಮೇಲೆ 29ಕ್ಕೆ ಮತ್ತೆ 2.

ಚುಕುಬುಕು_ಬೆಂಗಳೂರು:
ಮಾಡಿದೆ. ವಿಳಾಸ 3 ಇಟ್ಟು ಓಡಿಸಿದೆ. ಅದೇ ಹಾಡು.

ಸೋಲ್ಡರ್‌ಕೈ:
ಹಾಗಾದರೆ ಸ್ಪೀಡ್ ಸ್ಟೆಪ್ (ವೇಗದ ಮೆಟ್ಟಿಲು) 28, 128 ಬದಲಿಸಿ ನೋಡಿ. ಸಿವಿ 2, 5, 6 ಎಷ್ಟಿದೆ ಓದಿ ಹಾಕಿ.

ನೆಕರ್_ತೀರ:
ಸ್ಟುಟ್‌ಗಾರ್ಟ್‌ನಿಂದ ಬರೆಯುತ್ತಿದ್ದೇನೆ. ಅರ್ಡುಯಿನೊ ಮೊದಲ ಸಿಸ್ಟಮ್ ಆಗಬಾರದು ಅಂತ ನನ್ನ ಅನುಭವ. ಹೊಸಬರಿಗೆ ತಪ್ಪು ಹಳಿಯಲ್ಲಿದೆಯೋ, ಬೋರ್ಡ್‌ನಲ್ಲಿದೆಯೋ, ಎಂಜಿನ್‌ನಲ್ಲಿದೆಯೋ ಗೊತ್ತಾಗುವುದಿಲ್ಲ. ಕಪ್ಪು ಝಡ್21 ತಗೊಳ್ಳಿ, 3 ಆಂಪ್‌ಗೂ ಜಾಸ್ತಿ ಕೊಡುತ್ತದೆ, ಫೋನಿನಲ್ಲೇ ಓಡಿಸಬಹುದು. ನಾನು ಮಾತ್ರ ಜರ್ಮನಿಯ ಮಾದರಿ ರೈಲು ಕಂಪನಿ ಮ್ಯಾರ್ಕ್ಲಿನ್‌ದು ಓಡಿಸುವುದು, ಅವರ ಊರು ಗೊಪ್ಪಿಂಗನ್ ಇಲ್ಲಿಂದ ಹತ್ತಿರವೇ. ನಡುವೆ ಸಾಲು ಚುಕ್ಕೆಯ ಮೂರನೇ ಸಂಪರ್ಕ ಇರುವುದರಿಂದ ರಿವರ್ಸ್ ಲೂಪ್ (ರೈಲು ಸುತ್ತಿ ಬಂದ ಹಳಿಗೇ ಮರಳುವ ಸುತ್ತು) ಹಾಕಿದರೂ ಶಾರ್ಟ್ ಆಗುವುದಿಲ್ಲ. ಎರಡು ಹಳಿಯವರಿಗೆ ಅಲ್ಲೇ ಅರ್ಧ ತಲೆನೋವು.

ಸೋಲ್ಡರ್‌ಕೈ:
ಅವರ ಲೇಔಟ್‌ನಲ್ಲಿ ರಿವರ್ಸ್ ಲೂಪ್ ಎಲ್ಲಿದೆ? ಓವಲ್ ಅಂದರಲ್ಲ. ಅರ್ಡುಯಿನೊ ಬೇಡ ಅನ್ನುವುದೂ ಒಪ್ಪಲ್ಲ. ನನ್ನ ಮನೆಯಲ್ಲಿ ಎರಡು ವರ್ಷದಿಂದ ಅದೇ ಓಡುತ್ತಿದೆ, ಕಂಪ್ಯೂಟರ್‌ನ ಜೆಎಂಆರ್‌ಐ ಸಾಫ್ಟ್‌ವೇರ್ ಜತೆ, ಹಳೇ ಆಂಡ್ರಾಯ್ಡ್ ಫೋನಿನ ಎಂಜಿನ್ ಡ್ರೈವರ್ ಆ್ಯಪ್ ಜತೆ. ಒಂದು ದಿನ ಕೈ ಕೊಟ್ಟಿಲ್ಲ. ಇಲ್ಲಿ ಝಡ್21 ಕೈಗೆ ಬರುವಷ್ಟರಲ್ಲಿ ಕಸ್ಟಮ್ಸ್ ಸೇರಿ ಇನ್ನೊಂದು ಎಂಜಿನ್ ದುಡ್ಡು ಹೋಗುತ್ತದೆ, ಅದು ಅಲ್ಲಿದ್ದವರಿಗೆ ಗೊತ್ತಾಗಲ್ಲ.

ನೆಕರ್_ತೀರ:
ದುಡ್ಡಿನ ಮಾತು ಒಪ್ಪುತ್ತೇನೆ. ಆದರೆ ಮೂರು ವಾರ ಮಗುವಿನ ಜತೆ ಓಡಿಸದೆ ಕಳೆದದ್ದಕ್ಕೂ ಬೆಲೆ ಇದೆ ಅಲ್ವಾ?

ಸುರಂಗ57_ಸುಬ್ರಹ್ಮಣ್ಯ:
ಮಾರಾಯ್ರೆ, ಜಗಳ ಬೇಡ. ನನ್ನದು ಸಕಲೇಶಪುರ ಘಾಟಿಯ ಲೇಔಟ್, ಇಲ್ಲಿ ಹಿಂದೆ ಫೋಟೋ ಹಾಕಿದ್ದೆ. ನಿಜವಾದ ಘಾಟಿಯಲ್ಲಿ 57 ಸುರಂಗ, ನನ್ನ ಕೋಣೆಗೆ ಹಿಡಿಸಿದ್ದು 6. ಏರು ಅಲ್ಲಿಯಂತೆಯೇ 50ಕ್ಕೆ 1 ಇಟ್ಟಿದ್ದೇನೆ. ಹಿಂದೆ ಎರಡು ಬ್ಯಾಂಕರ್ (ಹಿಂದಿನಿಂದ ತಳ್ಳುವ ಎಂಜಿನ್) ಕಟ್ಟಿ ಹದಿನಾಲ್ಕು ವ್ಯಾಗನ್ ಹತ್ತಿಸುತ್ತೇನೆ, ಅನಲಾಗ್‌ನಲ್ಲಿ ಇದು ಇಷ್ಟು ಸುಲಭ ಅಲ್ಲ. ಸುರಂಗದ ಬಾಯಿಗೆ ಕೆಮ್ಮಣ್ಣಿನ ಬಣ್ಣ ಬರಲು ನಮ್ಮ ತೋಟದ ಮಣ್ಣನ್ನೇ ಜರಡಿ ಹಿಡಿದು ಹಾಕಿದ್ದು. ನನ್ನದು ಪವರ್ ಕ್ಯಾಬ್, 2 ಆಂಪ್. ಮೂರು ಎಂಜಿನ್ ಒಟ್ಟಿಗೆ ಎಳೆದರೂ ಇದುವರೆಗೆ ಟ್ರಿಪ್ ಆಗಿಲ್ಲ.

ಗಾರ್ಡ್‌ವ್ಯಾನ್_ಹುಬ್ಬಳ್ಳಿ:
57 ಸರ್, ನನ್ನ ಆಸೆ ಕ್ಯಾಸಲ್ ರಾಕ್ ಘಾಟಿ. ಅಲ್ಲಿ 37ಕ್ಕೆ 1. ಎಚ್‌ಒದಲ್ಲಿ ಅಷ್ಟು ಏರು ಕೊಟ್ಟರೆ ಚಕ್ರ ಜಾರುತ್ತದೆಯೇ?

ಪಾಯಿಂಟ್ಸ್‌ಮನ್_ಮೈಸೂರು:
ಚುಕುಬುಕು ಅವರೇ, ಒಂದು ಮಾತು ನಡುವೆ ಹೋಗಿಬಿಟ್ಟಿದೆ. ಫ್ಲೆಕ್ಸ್ ತುಂಡಿನ ಮೇಲೆ ಮೊದಲನೇ ಸಲಕ್ಕೇ ಓದುತ್ತದೆ ಅಂದಿರಿ. ಹಾಗಾದರೆ ಡಿಕೋಡರ್ ಚೆನ್ನಾಗಿದೆ, ಚಕ್ರವೂ ಶುದ್ಧವಾಗಿದೆ. ಈಗ ಓವಲ್‌ಗೆ ಹೋಗುವ ಎರಡು ವೈರ್ ಬಿಚ್ಚಿ ಆ ತುಂಡಿಗೇ ಕೊಡಿ. ಅಲ್ಲಿ ಹಿಂದೆ ಮುಂದೆ ಓಡಿಸಿ ನೋಡಿ. ಹಾಗೇ ಓವಲ್‌ಗೆ ಕರೆಂಟ್ ಎಲ್ಲಿ, ಹೇಗೆ ಕೊಟ್ಟಿದ್ದೀರಿ ಹೇಳಿ.

ಚುಕುಬುಕು_ಬೆಂಗಳೂರು:
ಫ್ಲೆಕ್ಸ್ ಮೇಲೆ ಓಡಿತು! ಎರಡಡಿಯಲ್ಲಿ ಹೋಗಿ ಬಂದು, ಹೋಗಿ ಬಂದು, ಒಂದು ಸಲವೂ ತಪ್ಪಲಿಲ್ಲ. ಸ್ಪೀಡ್ ಸ್ಟೆಪ್ 1ರಲ್ಲಿ ಚಕ್ರ ಸುತ್ತುವುದು ಕಣ್ಣಿಗೆ ಕಾಣದಷ್ಟು ನಿಧಾನ.

ಓವಲ್‌ಗೆ ಕರೆಂಟ್ ಹೋಗುವುದು ನನ್ನ ಹಳೇ ಅನಲಾಗ್ ಸೆಟ್ ಜತೆ ಬಂದಿದ್ದ ಫೀಡ್ ಟ್ರ್ಯಾಕ್‌ನಿಂದ. ಎರಡು ಸ್ಕ್ರೂ ಇರುವ ಕಪ್ಪು ಡಬ್ಬಿ ಅಂಟಿಕೊಂಡಿರುತ್ತದಲ್ಲ, ಅದು. ಹತ್ತು ವರ್ಷದಿಂದ ತೊಂದರೆ ಕೊಟ್ಟಿಲ್ಲ, ಅದಕ್ಕೇ ಹೇಳಲಿಲ್ಲ.

ಪಾಯಿಂಟ್ಸ್‌ಮನ್_ಮೈಸೂರು:
ಅದೇ. ಡಬ್ಬಿ ಬಿಚ್ಚಿ. ಒಳಗೆ ಎರಡು ಹಳಿಗೂ ಅಡ್ಡಲಾಗಿ ಒಂದು ಸಣ್ಣ ಕೆಪಾಸಿಟರ್ ಇರಬೇಕು. ಅನಲಾಗ್ ಮೋಟಾರ್‌ನ ಬ್ರಷ್ ಕಿಡಿಯಿಂದ ರೇಡಿಯೊ, ಟಿವಿಗೆ ಗೊರಗೊರ ಬರದಿರಲಿ ಅಂತ ಹಾಕಿರುತ್ತಾರೆ, ಆ ಕಾಲಕ್ಕೆ ಬೇಕಾಗಿತ್ತು. ಡಿಸಿಸಿಗೆ ಅದೇ ಅಡ್ಡಿ. ಡಿಸಿಸಿಯಲ್ಲಿ ಹಳಿಯ ಕರೆಂಟೇ ಮಾತು. ಪ್ಲಸ್, ಮೈನಸ್ ಅದಲುಬದಲಾಗುತ್ತಲೇ ಇರುತ್ತದೆ. ಒಂದೊಂದು ಮಗ್ಗುಲಿಗೂ 58 ಮೈಕ್ರೋಸೆಕೆಂಡ್ ಆದರೆ ಅದು 1, ಸುಮಾರು 100 ಆದರೆ 0. ಡಿಕೋಡರ್ ಆ ಚೂಪು ಅಂಚನ್ನು ನೋಡಿಯೇ ಹೊತ್ತು ಅಳೆಯುತ್ತದೆ. ಕೆಪಾಸಿಟರ್ ಆ ಅಂಚನ್ನು ಸವೆಸಿ ಗುಂಡಗೆ ಮಾಡಿಬಿಡುತ್ತದೆ. ಕರೆಂಟ್ ಸಿಗುತ್ತದೆ, ಅದಕ್ಕೇ ಲೈಟ್. ಮಾತು ಅರ್ಥವಾಗಲ್ಲ, ಅದಕ್ಕೇ ಸುಮ್ನೆ ನಿಲ್ಲುವುದು. ಸಿವಿ 29 ಬದಲಿಸುವ ಮೊದಲು ತಾನಾಗಿ ಓಡಿದ್ದೂ ಇದರಿಂದಲೇ ಇರಬೇಕು. ಸೋಲ್ಡರ್‌ಕೈ ಹೇಳಿದ ಅನಲಾಗ್ ಮೋಡ್ ಮಾತು ಅಲ್ಲಿ ಸರಿಯಾಗಿದೆ.

ಒಂದು ಕಾಲು ಕತ್ತರಿಸಿದರೆ ಸಾಕು. ಮುಖ್ಯವಾಗಿ, ಹಳೇ ಅನಲಾಗ್ ಕಂಟ್ರೋಲರ್ ವೈರ್ ಯಾವತ್ತೂ ಅದೇ ಹಳಿಗೆ ಸೇರಬಾರದು.

ಚುಕುಬುಕು_ಬೆಂಗಳೂರು:
ಬಿಚ್ಚಿದೆ. ಕಂದು ಬಣ್ಣದ, ಕಡಲೆಬೇಳೆಯಷ್ಟು ಬಿಲ್ಲೆ. ಎರಡು ತೆಳ್ಳಗಿನ ತಂತಿ, ಒಂದರ ಬೆಸುಗೆ ಮೇಲೆ ಹಸಿರು ತುಕ್ಕು. ನೈಲ್ ಕಟರ್‌ನಿಂದಲೇ ಕತ್ತರಿಸಿದೆ, ಮಗಳು ಟಾರ್ಚ್ ಹಿಡಿದಿದ್ದಳು. ಎಂಜಿನ್ ಇಟ್ಟು ಸ್ಪೀಡ್ ಕೊಟ್ಟೆ. ಓಡಿತು. ಇಡೀ ಓವಲ್ ಹನ್ನೊಂದು ಸುತ್ತು ಓಡಿಸಿ ಆಮೇಲೆ ಇಲ್ಲಿ ಬರೆಯುತ್ತಿದ್ದೇನೆ. ಪಾಯಿಂಟ್ಸ್‌ಮನ್ ಸರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಸೋಲ್ಡರ್‌ಕೈ:
ಸಿವಿ ಸಿವಿ ಅಂತ ನಾನು ಸುಮ್ನೆ ನಾಲ್ಕು ದಿನ ಸುತ್ತಿಸಿದೆ, ಕ್ಷಮಿಸಿ. ಫೀಡ್ ಕೇಳಬೇಕಿತ್ತು.

ನೆಕರ್_ತೀರ:
ಇದು ಝಡ್21 ಹಾಕಿದ್ದರೂ ಹೀಗೇ ಆಗುತ್ತಿತ್ತು, ಒಪ್ಪಿಕೊಳ್ಳುತ್ತೇನೆ. ಇನ್ನು ಸಿಸ್ಟಮ್ ಪ್ರಶ್ನೆ?

ಪಾಯಿಂಟ್ಸ್‌ಮನ್_ಮೈಸೂರು:
ಡಿಸೆಂಬರ್‌ವರೆಗೆ ಇದನ್ನೇ ಓಡಿಸಿ. ಓಡಿಸುತ್ತಾ ಹೋದರೆ ನಿಮಗೆ ಏನು ಬೇಕು ಗೊತ್ತಾಗುತ್ತದೆ: ಕೈಗೆ ನಿಜವಾದ ಗುಂಡಿ ಬೇಕೋ, ಫೋನ್ ಸಾಕೋ. ಡಿಕೋಡರ್‌ಗೆ ಭಯವಿಲ್ಲ, ಡಿಸಿಸಿ ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಗೊತ್ತುಮಾಡಿದ ಸ್ಟ್ಯಾಂಡರ್ಡ್, ಈ ಮೂರರಲ್ಲಿ ಯಾವುದು ತಂದರೂ ಇದೇ ಎಂಜಿನ್ ಓಡುತ್ತದೆ. ನಿಮ್ಮನ್ನು ಕಟ್ಟಿಹಾಕುವುದು ಥ್ರಾಟಲ್ (ಕೈಯಲ್ಲಿ ಹಿಡಿದು ಸ್ಪೀಡ್ ಕೊಡುವ ಸಾಧನ) ಜೋಡಿಸುವ ಕೇಬಲ್. ಡಿಜಿಟ್ರಾಕ್ಸ್‌ನದು ಲೋಕೋನೆಟ್, ಎನ್‌ಸಿಇಯದು ಬೇರೆ. ಎರಡನೇ ಥ್ರಾಟಲ್ ಮಗಳಿಗೆ ಬೇಕಾದಾಗ ಅದೇ ಮನೆತನದ್ದು ಹುಡುಕಬೇಕಾಗುತ್ತದೆ. ಪವರ್ ಕ್ಯಾಬ್‌ನಲ್ಲಿ ಹಳಿಗೆ ಆಜ್ಞೆ ಕಳಿಸುವ ಕಮಾಂಡ್ ಸ್ಟೇಷನ್ ಕೈಯಲ್ಲಿರುವ ಕ್ಯಾಬ್ (ಥ್ರಾಟಲ್) ಒಳಗೇ ಇದೆ, ಅದರ ಪ್ಲಗ್ ಕಿತ್ತರೆ ಎಲ್ಲ ಎಂಜಿನ್ ನಿಲ್ಲುತ್ತದೆ. ಅದನ್ನು ತಿಳಿದೇ ತಗೊಳ್ಳಿ. ಅಮೆರಿಕದಿಂದ ತರಿಸಿದರೆ ಅಡಾಪ್ಟರ್ ಮೇಲೆ 100-240 ಅಂತ ಇದೆಯೇ ಓದಿಸಿ, ಬರೀ 120 ಇದ್ದರೆ ಇಲ್ಲಿ ಸುಡುತ್ತದೆ.

ಅದಕ್ಕೂ ಮೊದಲು ನಾಣ್ಯದ ಪರೀಕ್ಷೆ ಮಾಡಿ. ಒಂದು ರೂಪಾಯಿ ನಾಣ್ಯವನ್ನು ಹಳಿಗೆ ಅಡ್ಡ ಇಡಿ, ಸ್ಟೇಷನ್ ತಕ್ಷಣ ಟ್ರಿಪ್ ಆಗಬೇಕು. ಮೂರು ಮೂರು ಅಡಿಗೆ ಹೀಗೆ. ಟ್ರಿಪ್ ಆಗದ ಕಡೆ ವೈರ್ ಸಾಲದು ಅಂತ ಅರ್ಥ, ಅಲ್ಲಿ ಶಾರ್ಟ್ ಆದರೆ ಚಕ್ರ, ಡಿಕೋಡರ್ ಕಾದು ಕರಗುತ್ತವೆ.

ಚುಕುಬುಕು_ಬೆಂಗಳೂರು:
ನಾಣ್ಯ ಇಟ್ಟು ಎಂಟು ಕಡೆ ನೋಡಿದೆ. ಏಳು ಕಡೆ ತಕ್ಷಣ ಟ್ರಿಪ್. ಹಿಂದಿನ ಗೋಡೆ ಕಡೆ, ಎರಡನೇ ಪಾಯಿಂಟ್ ದಾಟಿದ ಮೇಲೆ ಒಂದು ಕಡೆ ಆಗಲಿಲ್ಲ, ನಾಣ್ಯ ಬಿಸಿಯಾಗಿತ್ತು, ಕೂಡಲೇ ತೆಗೆದೆ. ನಾಳೆ ಅಲ್ಲಿ ಪ್ಲೈವುಡ್‌ಗೆ ತೂತು ಹೊಡೆದು ಹಳಿಗೆ ಕರೆಂಟ್ ಕೊಡುವ ಹೊಸ ಫೀಡರ್ ವೈರ್ ಬೆಸೆಯುತ್ತೇನೆ. ಅಕ್ಕನಿಗೆ ಸದ್ಯಕ್ಕೆ ಕಪ್ಲರ್ ಪ್ಯಾಕೆಟ್ ಮಾತ್ರ ತರಲು ಹೇಳಿದ್ದೇನೆ.

ಸುರಂಗ57_ಸುಬ್ರಹ್ಮಣ್ಯ:
ಗಾರ್ಡ್‌ವ್ಯಾನ್ ಸರ್, 37ಕ್ಕೆ 1 ಆಗುತ್ತದೆ, ಎಂಜಿನ್ ತೂಕ ಇರಬೇಕು ಅಷ್ಟೇ. ಬೇರೆ ಥ್ರೆಡ್ ತೆರೆಯಿರಿ, ನನ್ನ ಅಳತೆ ಎಲ್ಲ ಹಾಕುತ್ತೇನೆ.