‘ತೀವ್ರ ಸೋರಿಕೆ’: ಯಾವ ತೀವ್ರ?

ಎಲ್ಲರಿಗೂ ನಮಸ್ಕಾರ.

ಹೃದಯದ ಕವಾಟ ಸೋರುತ್ತಿದ್ದರೆ ಆಪರೇಷನ್ ಯಾವಾಗ ಮಾಡಿಸಬೇಕು ಎಂದು ತಿಳಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ತೀವ್ರ’ ಎಂಬಲ್ಲಿ ಕೈ ನಿಂತಿದೆ. ವೈದ್ಯರು ‘ಸಿವಿಯರ್’ ಅಂದರೂ ನಾವು ತೀವ್ರ ಅನ್ನುತ್ತೇವೆ, ‘ಅಕ್ಯೂಟ್’ ಅಂದರೂ ತೀವ್ರವೇ. ಕೆಮ್ಮು ನೆಗಡಿಯ ಮಟ್ಟಿಗೆ ಇದರಿಂದ ಯಾರಿಗೂ ನಷ್ಟವಿಲ್ಲ. ಕವಾಟದ ವಿಷಯದಲ್ಲಿ ಹಾಗಲ್ಲ. ಒಂದಕ್ಕೆ ಇವತ್ತೋ ನಾಳೆಯೋ ಆಪರೇಷನ್ ಆಗಲೇಬೇಕಾಗಬಹುದು. ಇನ್ನೊಂದಕ್ಕೆ ಆರು ತಿಂಗಳು ಬಿಟ್ಟು ಮತ್ತೆ ಎಕೋ ಮಾಡಿಸಿ ಎಂದು ಮನೆಗೆ ಕಳಿಸಬಹುದು.

ಸಿವಿಯರ್ ಎನ್ನುವುದು ಪ್ರಮಾಣದ ಮಾತು. ಮೈಟ್ರಲ್ ಕವಾಟದಲ್ಲಿ (ಹೃದಯದ ಎಡಗಡೆ ಮೇಲಿನ, ಕೆಳಗಿನ ಕೋಣೆಗಳ ನಡುವೆ ಇರುವುದು) ಪ್ರತಿ ಬಡಿತಕ್ಕೂ 60 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹಿಂದಕ್ಕೆ ಹೋದರೆ, ಸೋರುವ ಕಂಡಿ 0.4 ಚದರ ಸೆಂಟಿಮೀಟರ್ ಮುಟ್ಟಿದರೆ, ಸಾಮಾನ್ಯವಾಗಿ ಅದನ್ನು ಸಿವಿಯರ್ ಎಂದು ಬರೆಯುತ್ತಾರೆ. ಅಕ್ಯೂಟ್ ಎನ್ನುವುದು ವೇಗದ ಮಾತು. ಕವಾಟವನ್ನು ಹಿಡಿದಿರುವ ತಂತು ಕಿತ್ತುಹೋದಾಗ, ಸೋಂಕು ತಗುಲಿ ಕವಾಟದ ಪದರ ತೂತಾದಾಗ, ಮೇಲಿನ ಕೋಣೆಗೆ ಹಿಗ್ಗಲು ಪುರಸೊತ್ತೇ ಇರುವುದಿಲ್ಲ. ಒತ್ತಡವೆಲ್ಲ ಶ್ವಾಸಕೋಶಕ್ಕೆ ಏರಿ ಅಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ. ಅದೇ ಸೋರಿಕೆ ವರ್ಷಗಟ್ಟಲೆ ಬೆಳೆದು ಬಂದಿದ್ದರೆ ಕೋಣೆಗಳು ನಿಧಾನವಾಗಿ ಹಿಗ್ಗಿ ಹೊಂದಿಕೊಂಡಿರುತ್ತವೆ. ರೋಗಿ ಓಡಾಡಿಕೊಂಡೇ ಇರುತ್ತಾನೆ. ಅವನ ಕೈಗೆ ‘ತೀವ್ರ ಸೋರಿಕೆ’ ಎಂಬ ಕನ್ನಡ ಕೊಟ್ಟರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಬದಲಿಗೆ ಏನು? ‘ಗಂಭೀರ’ ನನಗೆ ಬೇಡ. ‘ಸ್ಥಿತಿ ಗಂಭೀರ’ ಎಂದು ಪತ್ರಿಕೆಯಲ್ಲಿ ಓದಿ ಓದಿ ಅದಕ್ಕೆ ಸಾವಿನ ವಾಸನೆ ಹತ್ತಿದೆ. ಅಕ್ಯೂಟ್‌ಗೆ ‘ಉಲ್ಬಣ’ ಎಂದು ಕೆಲವರು ಬರೆಯುತ್ತಾರೆ, ಆದರೆ ಮೊದಲೇ ಇದ್ದದ್ದು ಉಲ್ಬಣಿಸುತ್ತದೆಯೇ ಹೊರತು ಇಲ್ಲದ್ದು ಉಲ್ಬಣಿಸುವುದಿಲ್ಲ. ಸದ್ಯಕ್ಕೆ ‘ಭಾರೀ ಸೋರಿಕೆ’, ‘ಹಠಾತ್ ಸೋರಿಕೆ’ ಎಂದು ಇಟ್ಟುಕೊಂಡಿದ್ದೇನೆ. ‘ದಿಢೀರ್’ ಎನ್ನಬಹುದಿತ್ತು, ಆದರೆ ಅದು ಪುಡಿ ಕಲಸಿ ಮಾಡುವ ತಿಂಡಿಯ ಪದವಾಗಿಬಿಟ್ಟಿದೆ. ಭಾರೀ ಎಂಬುದು ಮಳೆಗೆ, ಗದ್ದಲಕ್ಕೆ ಸಲ್ಲುವಷ್ಟು ಕವಾಟಕ್ಕೆ ಸಲ್ಲುತ್ತದೆಯೇ? ನನಗೆ ಕಿವಿಗೆ ಒಗ್ಗಿದೆ, ನಿಮಗೆ?

ಇನ್ನೊಂದು ತೊಡಕು ‘ಲಕ್ಷಣ’. ಭಾರೀ ಸೋರಿಕೆಯಿದ್ದು ತೊಂದರೆ ಕಾಣಿಸಿಕೊಳ್ಳದವರನ್ನು ‘ಲಕ್ಷಣವಿಲ್ಲದ ರೋಗಿಗಳು’ ಎಂದು ಬರೆದ ಕರಡೊಂದನ್ನು ನೋಡಿದೆ. ಪಾಪ, ರೂಪವಂತೂ ಅವರ ಕೈಯಲ್ಲಿಲ್ಲ! ತಮಾಷೆ ಪಕ್ಕಕ್ಕಿರಲಿ, ತೀರ್ಮಾನ ನಿಂತಿರುವುದೇ ಇದರ ಮೇಲೆ. ಏದುಸಿರು, ಸುಸ್ತು, ಪಾದದ ಊತ ಶುರುವಾದರೆ ಸಾಮಾನ್ಯವಾಗಿ ಆಪರೇಷನ್ನಿನ ಮಾತು ಬರುತ್ತದೆ. ಆದರೆ ‘ನನಗೇನೂ ಆಗಿಲ್ಲ’ ಎನ್ನುವವರನ್ನು ಪೂರಾ ನಂಬುವಂತಿಲ್ಲ. ಮೊದಲು ಒಂದೇ ಉಸಿರಿಗೆ ಮೆಟ್ಟಿಲು ಹತ್ತುತ್ತಿದ್ದವರು ಈಗ ನಡುವೆ ನಿಂತು ಫೋನ್ ತೆಗೆದು ನೋಡುತ್ತಾರೆ. ದಣಿವಾಯಿತೆಂದು ಅವರಿಗೇ ಹೊಳೆದಿರುವುದಿಲ್ಲ, ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ. ಅದಕ್ಕೇ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವುದೂ ಉಂಟು. ಹಾಗಾಗಿ ‘ತೊಂದರೆ ಅನುಭವಕ್ಕೆ ಬಾರದವರು’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ನಿಜಕ್ಕೆ ಹತ್ತಿರ.

ತೊಂದರೆ ಕಾಣದಿದ್ದಾಗ ಅಂಕಿಗಳು ಮಾತಾಡುತ್ತವೆ. ಮೈಟ್ರಲ್ ಕವಾಟವೇ ಕೆಟ್ಟು ಭಾರೀ ಸೋರಿಕೆಯಾಗುತ್ತಿದ್ದರೆ, ‘ಇಎಫ್’ (ಎಡ ಹೃತ್ಕುಕ್ಷಿ, ಅಂದರೆ ಎಡಗಡೆಯ ಕೆಳಗಿನ ಕೋಣೆ, ತನ್ನಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಶೇಕಡಾ ಎಷ್ಟನ್ನು ಹೊರತಳ್ಳುತ್ತದೆ ಎಂಬ ಅಂಕಿ) 60ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ, ಇಲ್ಲವೇ ಹೃದಯ ಸಂಕುಚಿಸಿದ ಹೊತ್ತಿನಲ್ಲೂ ಎಡ ಹೃತ್ಕುಕ್ಷಿಯ ಅಗಲ 40 ಮಿಲಿಮೀಟರ್ ಮುಟ್ಟಿದರೆ, ಕಾಯಬೇಡಿ ಎನ್ನುತ್ತವೆ ಈಗಿನ ಮಾರ್ಗಸೂಚಿಗಳು. ಪರೀಕ್ಷೆಯ ಅಂಕದಂತೆ ಓದಿಕೊಂಡರೆ 60 ಚೆನ್ನಾಗಿಯೇ ಇದೆ. ಆದರೆ ಇಲ್ಲಿ ಹೃತ್ಕುಕ್ಷಿಗೆ ಒತ್ತಡ ಕಡಿಮೆಯಿರುವ ಹಿಂಬಾಗಿಲೊಂದು ಸಿಕ್ಕಿದೆ, ರಕ್ತವನ್ನು ಅತ್ತ ತಳ್ಳಿಯೂ ಅಂಕಿ ಗಿಟ್ಟಿಸುತ್ತದೆ. ಬಾಗಿಲು ಮುಚ್ಚಿದ ಮೇಲೆ ಆ ಅಂಕಿ ಸಾಮಾನ್ಯವಾಗಿ ಇಳಿಯುತ್ತದೆ. ಮಹಾಪಧಮನಿಯ ಕವಾಟಕ್ಕೆ ಗೆರೆ ಬೇರೆ: ಅಮೆರಿಕದ 2020ರ ಮಾರ್ಗಸೂಚಿ ಇಎಫ್ 55 ಎಂದರೆ, ಯುರೋಪಿನ 2021ರದ್ದು 50 ಎಂದಿತ್ತು. ‘ಇಎಫ್’ ಅನ್ನು ಹಾಗೆಯೇ ಬಿಟ್ಟಿದ್ದೇನೆ. ರಿಪೋರ್ಟಿನಲ್ಲಿ ಕಾಣುವುದು ಅದೇ, ‘ಉತ್ಸರ್ಜನಾಂಶ’ ಎಂದು ಬರೆದರೆ ಓದುವವರು ಅದನ್ನು ಎಲ್ಲಿ ಹುಡುಕಬೇಕು?

ಕೊನೆಯದು, ‘ಕಾದು ನೋಡುವುದು’. ಕನ್ನಡದಲ್ಲಿ ಇದಕ್ಕೆ ಕೈಕಟ್ಟಿ ಕೂರುವ ಧ್ವನಿ ಬಂದಿದೆ. ಆಡಳಿತ ಏನೂ ಮಾಡದಿದ್ದಾಗ ಹೇಳುವ ಮಾತು. ಇಲ್ಲಿ ಅರ್ಥ ತಿರುಗುಮುರುಗು. ಭಾರೀ ಸೋರಿಕೆಯಿರುವವರು ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಎಕೋ ಮಾಡಿಸಬೇಕು, ಹಿಂದಿನ ಅಂಕಿಯ ಪಕ್ಕ ಹೊಸದನ್ನಿಟ್ಟು ನೋಡಬೇಕು. ರಿಪೇರಿಗೆ ಒಗ್ಗುವ ಮೈಟ್ರಲ್ ಕವಾಟವಾಗಿದ್ದು ನುರಿತ ಕೈ ಸಿಗುವಂತಿದ್ದರೆ, ಅಂಕಿ ಕೆಡುವ ಮೊದಲೇ ಮಾಡಿಸುವುದೂ ಸರಿಯೇ ಎಂಬ ಮಾತಿದೆ. ನಮ್ಮ ‘ಕಾಯು’ ಧಾತುವಿಗೆ ಎರಡು ಮುಖವುಂಟು: ಬಸ್ಸಿಗೆ ಕಾಯುತ್ತೇವೆ, ಹೊಲವನ್ನು ಕಾಯುತ್ತೇವೆ. ಇಲ್ಲಿ ಬೇಕಾದದ್ದು ಎರಡನೆಯದು. ‘ಕಾವಲು’ ಎಂದರೆ ರೋಗಿಯನ್ನು ಕೂಡಿಹಾಕಿದಂತೆ ಕೇಳುತ್ತದೆ, ಹಾಗಾಗಿ ‘ನಿಗಾ ಇಟ್ಟು ಕಾಯುವುದು’ ಎಂದು ಬರೆಯಲೇ? ‘ನಿಗಾ’ ಅಂದೊಡನೆ ‘ತೀವ್ರ ನಿಗಾ ಘಟಕ’ ನೆನಪಾಗುತ್ತದೆ ಎಂಬ ಆಕ್ಷೇಪ ಆಗಲೇ ಬಂದಿದೆ. ಮತ್ತೆ ಅದೇ ತೀವ್ರ! ಇದಕ್ಕಿಂತ ಹಗುರಾದ ಪದ ಯಾರ ಬಾಯಲ್ಲಾದರೂ ಕೇಳಿದ್ದರೆ ದಯವಿಟ್ಟು ಬರೆಯಿರಿ. ಭಾರೀ, ಹಠಾತ್ ಎರಡಕ್ಕೂ ನಿಮ್ಮ ತಕರಾರುಗಳಿದ್ದರೆ ಅವೂ ಬರಲಿ.